ಕಡಲಿಲ್ಲದ ಜಿಲ್ಲೆಯ ಮಕರ

ಕ್ರೋಶಾ ಗ್ರ್ಯಾನಿ ಸ್ಕ್ವೇರ್ ಮೇಲೆ ಕಡಲ ಪ್ರಾಣಿ ಬೇಕಾ? ಗದಗ-ಬೆಟಗೇರಿಯಲ್ಲಿ ಕಡಲಿಲ್ಲ ಅಂತ ಫೋನ್‌ನಲ್ಲಿ ಸಿಕ್ಕ ಆಕ್ಟೋಪಸ್ಸನ್ನೇ ನಕಲು ಮಾಡಬೇಡಿ. ಭಾನುವಾರ ಬಸ್ ಹತ್ತಿ ಲಕ್ಕುಂಡಿಗೆ ಹೋಗಿ, ಸುಮಾರು 12 ಕಿಲೋಮೀಟರ್ ಅಷ್ಟೇ.

ಅಲ್ಲಿನ ಕಾಶಿವಿಶ್ವೇಶ್ವರ ಗುಡಿಯ ಗೋಡೆ ನೋಡಿ. ಕಲ್ಯಾಣ ಚಾಲುಕ್ಯರ ಕಾಲದ ಶಿಲ್ಪಿಗಳು ಮೆತ್ತನೆಯ ಬಳಪದ ಕಲ್ಲಿನಲ್ಲಿ ಮಕರ ತೋರಣ ಕೆತ್ತಿದ್ದಾರೆ. ಮಕರಕ್ಕೆ ಆನೆಯ ಸೊಂಡಿಲು, ಮೊಸಳೆಯ ಬಾಯಿ, ಬಳ್ಳಿಯಂತೆ ಸುರುಳಿ ಸುತ್ತಿದ ಬಾಲ. ಒಂದು ಫೋಟೊ ತಗೊಳ್ಳಿ.

ಮನೆಗೆ ಬಂದು ಸರಪಳಿಯ ಉಂಗುರ ಹಾಕಿ. ಅದರೊಳಗೆ ಮೂರು ಮೂರು ಕಂಬಗಳ 4 ಗುಂಪು. ನಡುನಡುವಿನ ಸರಪಳಿಯೇ ಮೂಲೆ. ಚೌಕ ಅಂಗೈಯಷ್ಟಾದ ಮೇಲೆ ಮಕರವನ್ನು ಬೇರೆಯಾಗಿ ಹೆಣೆದು ಮೇಲೆ ಹೊಲಿಯಿರಿ. ಸೊಂಡಿಲು, ಬಾಲ ಎರಡಕ್ಕೂ ಸುರುಳಿ ಸರಪಳಿ ಸಾಕು.

‘ಡಿಸೈನ್ ಎಲ್ಲೀದು?’ ಅಂತ ಯಾರಾದರೂ ಕೇಳಿದರೆ, ‘ನಮ್ಮ ಜಿಲ್ಲೇದ ಐತ್ರಿ’ ಅನ್ನಿ.