ಲೆಕ್ಕ ಮತ್ತು ನಕ್ಷೆ: ಅಂದು, ಇಂದು

1990ರ ದಶಕದಲ್ಲಿ ಚಳ್ಳಕೆರೆಯಲ್ಲಿ ಎಣ್ಣೆ ಮಿಲ್ಲಿನ ಶೆಡ್ಡಿರಲಿ, ಎರಡಂತಸ್ತಿನ ಅಂಗಡಿ ಮಳಿಗೆಯಿರಲಿ, ವಿನ್ಯಾಸಕ್ಕೆ ಕೂತರೆ ನಮ್ಮ ಮೇಜಿನ ಮೇಲೆ ಇರುತ್ತಿದ್ದುದು ಕ್ಯಾಲ್ಕುಲೇಟರ್, ಕಾಂಕ್ರೀಟ್ ವಿನ್ಯಾಸದ ಕೋಷ್ಟಕಗಳಿರುವ ಎಸ್‌ಪಿ-16 ಪುಸ್ತಕ ಮತ್ತು ಟ್ರೇಸಿಂಗ್ ಶೀಟು. ಫ್ರೇಮಿನ ಲೆಕ್ಕ ಕಾನೀಸ್ ಮೆಥಡ್ ಎಂಬ ಕೈಲೆಕ್ಕದ ವಿಧಾನದಲ್ಲಿ. ಮಾಲೀಕರು ಗೋಡೆ ಸರಿಸಿ ಎಂದರೆ ಶೀಟಿನ ಮೇಲಿನ ಇಂಕನ್ನು ಬ್ಲೇಡಿನಿಂದ ಕೆರೆದು, ಗೆರೆ ಎಳೆದು, ಮತ್ತೆ ಅಮೋನಿಯಾ ಪ್ರಿಂಟ್ ತೆಗೆಸಬೇಕಿತ್ತು. ನಮ್ಮಲ್ಲಿ ಲೆಕ್ಕ ಹಾಕಿದವರೇ ನಕ್ಷೆಯನ್ನೂ ತಿದ್ದುತ್ತಿದ್ದರು. ಸರಿದ ಗೋಡೆಯ ಭಾರ ಯಾವ ಬೀಮಿಗೆ ಬಿತ್ತೆಂಬುದು ಗೆರೆ ಎಳೆಯುವಾಗಲೇ ತಿಳಿಯುತ್ತಿತ್ತು.

ಆ ಕಾಲವೇ ಚೆನ್ನಾಗಿತ್ತು ಎನ್ನಲಾರೆ. ಒಂದು ಕಾಲಂ ಸರಿದರೆ ಇಡೀ ಫ್ರೇಮಿನ ಲೆಕ್ಕ ಮೊದಲಿಂದ ಶುರು. ಅದಕ್ಕೆ ಸಮಯವಿಲ್ಲದಾಗ ಅಂದಾಜಿನ ಮೇಲೆ ಎರಡು ಕಂಬಿ ಹೆಚ್ಚಿಗೆ ಕಟ್ಟಿಸುವುದೂ ನಡೆಯುತ್ತಿತ್ತು.

ಈಗ ವಿಶ್ಲೇಷಣೆಗೆ ಇಟ್ಯಾಬ್ಸ್ ಅಥವಾ ಸ್ಟಾಡ್, ನಕ್ಷೆಗೆ ರೆವಿಟ್. ಇಟ್ಯಾಬ್ಸ್‌ಗೂ ರೆವಿಟ್‌ಗೂ ಕೊಂಡಿ ಹಾಕುವ ತಂತ್ರಾಂಶವೂ ಇದೆ. ಗ್ರಿಡ್, ಕಾಲಂ, ಬೀಮ್ ಅಳತೆಗಳು ಅತ್ತಿಂದಿತ್ತ ದಾಟುತ್ತವೆ. ಆದರೆ ವಿಶ್ಲೇಷಣೆಯಲ್ಲಿ ಬೀಮ್ ಎಂದರೆ ಒಂದು ಗೆರೆ. ನಕ್ಷೆಯಲ್ಲಿ ಅದಕ್ಕೆ ಅಗಲ, ಆಳ ಇವೆ. ಗೋಡೆಯ ಹೊರಮೈಗೆ ಸರಿದು ಕೂತಿರುತ್ತದೆ. ಇಟ್ಟಿಗೆ ಗೋಡೆಯಂತೂ ಸಾಮಾನ್ಯವಾಗಿ ದಾಟುವುದೇ ಇಲ್ಲ. ಒಂಬತ್ತಿಂಚಿನ, 3 ಮೀಟರ್ ಎತ್ತರದ ಗೋಡೆ ಮೀಟರ್ ಉದ್ದಕ್ಕೆ ಸುಮಾರು 1.4 ಟನ್ ತೂಗುತ್ತದೆ. ಆ ಭಾರವನ್ನು ಎಂಜಿನಿಯರೇ ಬೀಮಿನ ಮೇಲೆ ಹೊರಿಸಬೇಕು, ಗೋಡೆ ಸರಿದರೆ ಸರಿಸಬೇಕು.

ಮೊಳಕಾಲ್ಮುರಿನ ರೇಷ್ಮೆ ನೇಕಾರರೊಬ್ಬರ ಮನೆ ನೆನಪಾಗುತ್ತದೆ. ಕೆಳಗೆ ಮಗ್ಗ, ಮೇಲೆ ವಾಸ. ಮಗ್ಗದ ಗುಂಡಿಗೆ ಅಡ್ಡ ಬಂತೆಂದು ನಕ್ಷೆಯಲ್ಲಿ ನೆಲಮಟ್ಟದ ಒಂದು ಪ್ಲಿಂತ್ ಬೀಮ್ ತೆಗೆದರು. ವಿಶ್ಲೇಷಣೆಯಲ್ಲಿ ಅದು ಹಾಗೇ ಉಳಿಯಿತು. ಆ ಬೀಮ್ ಇಲ್ಲದಿದ್ದರೆ ಕಾಲಂ ಫುಟಿಂಗಿನಿಂದ ಮೇಲಿನ ಮಹಡಿಯವರೆಗೆ ಆ ದಿಕ್ಕಿನಲ್ಲಿ ನಡುವೆ ಆಸರೆಯಿಲ್ಲದೆ ನಿಲ್ಲುತ್ತದೆ, ಬಾಗುವ ಅಪಾಯ ಹೆಚ್ಚುತ್ತದೆ. ಪಾಯ ತೋಡುವ ಮೊದಲೇ ಇದು ಕಣ್ಣಿಗೆ ಬಿದ್ದು, ಗುಂಡಿಯ ಪಕ್ಕದಲ್ಲಿ ಬೀಮ್ ಹಾಯಿಸಿ ಮತ್ತೆ ಲೆಕ್ಕ ಹಾಕಲಾಯಿತು.

ಕಣ್ಣಿಗೆ ಬೀಳದಿದ್ದರೆ ಏನಾಗುತ್ತದೆಂಬುದಕ್ಕೆ ಅಮೆರಿಕದ ಕಾನ್ಸಾಸ್ ಸಿಟಿಯ ಹಯಾತ್ ರೀಜೆನ್ಸಿ ಹೋಟೆಲ್ ಸಾಕ್ಷಿ. ಅಲ್ಲಿ ತೂಗು ನಡೆದಾರಿಗಳನ್ನು ಹಿಡಿದ ಒಂದೇ ಉದ್ದನೆಯ ಸರಳಿನ ಬದಲು ಎರಡು ತುಂಡು ಸರಳು ಎಂದು ನಕ್ಷೆ ಬದಲಾಯಿತು. ಮೇಲಿನ ನಡೆದಾರಿಯ ಜೋಡಣೆಗೆ ಬಿದ್ದ ಭಾರ ಇಮ್ಮಡಿಯಾಯಿತು. ಅದರ ಲೆಕ್ಕವನ್ನು ಯಾರೂ ಮತ್ತೆ ಹಾಕಲಿಲ್ಲ. 1981ರ ಜುಲೈ 17ರಂದು ನಡೆದಾರಿಗಳು ಕುಸಿದು 114 ಮಂದಿ ಸತ್ತರು.

ದೊಡ್ಡ ಯೋಜನೆಗಳಲ್ಲಿ ಲೆಕ್ಕದ ಮತ್ತು ನಕ್ಷೆಯ ಮಾದರಿಗಳನ್ನು ತಾಳೆ ನೋಡಲೆಂದೇ ಜನರಿರುತ್ತಾರೆ. ನಮ್ಮ ಕಡೆಯ ಮನೆ, ಮಳಿಗೆಗಳಿಗೆ ವಿಶ್ಲೇಷಣೆ ಒಂದೂರಿನಲ್ಲಿ, ನಕ್ಷೆ ಇನ್ನೊಂದೂರಿನಲ್ಲಿ. ಮೇಸ್ತ್ರಿಗೆ ಸಿಗುವುದು ವಾಟ್ಸಾಪಿನ ಪಿಡಿಎಫ್. ಇಡೀ ಕಟ್ಟಡವನ್ನು ತಲೆಯಲ್ಲಿಟ್ಟುಕೊಂಡವರು ಯಾರೂ ಇಲ್ಲ. ಆದ್ದರಿಂದ ಲೆಕ್ಕ ಮತ್ತು ನಕ್ಷೆಯ ಹೊಂದಾಣಿಕೆ ಗಗನಚುಂಬಿಗಳಿಗಿಂತ ಇಲ್ಲಿಗೇ ಹೆಚ್ಚು ಬೇಕು. ಕಾಲಂಗಳ ಜಾಗ ನಕ್ಷೆಯಿಂದ ಲೆಕ್ಕಕ್ಕೆ ಹೋಗಲಿ, ಅವುಗಳ ಗಾತ್ರ ಲೆಕ್ಕದಿಂದ ನಕ್ಷೆಗೆ ಬರಲಿ. ಪ್ರತಿ ಬದಲಾವಣೆಯ ನಂತರ ಪಾಯಕ್ಕೆ ಇಳಿಯುವ ಒಟ್ಟು ಭಾರವನ್ನು ಹಿಂದಿನದರ ಜೊತೆ ತಾಳೆ ನೋಡಬೇಕು. ಎರಡು ಕಡತಗಳಿಗೂ ಒಂದೇ ರಿವಿಷನ್ ನಂಬರ್ ಇರಬೇಕು. ಎರಡನ್ನೂ ಪಕ್ಕಪಕ್ಕ ತೆರೆದು ನೋಡದೆ ಯಾವ ಎಂಜಿನಿಯರೂ ಸಹಿ ಹಾಕಬಾರದು.