ಬಂಡ್ರಿಯ ಕಲ್ಲಿನ ಮುಂದೆ ಒಂದು ಸಂಜೆ

ಪ್ರವಾಸಕ್ಕೆ ಹೊರಡುವವರ ಚೀಲದಲ್ಲಿ ಇಂದು ಬುತ್ತಿಗಿಂತ ಮೊದಲು ಕ್ಯಾಮೆರಾ ಸೇರುತ್ತದೆ. ನಮ್ಮ ಚೀಲದಲ್ಲಿಯೂ ಒಂದು ಡಿಜಿಟಲ್ ಕ್ಯಾಮೆರಾ ಉಂಟು. ಮೂರು ವರ್ಷಗಳ ಹಿಂದೆ ತಮ್ಮನ ಮಗನು ತಂದುಕೊಟ್ಟದ್ದು. ಅದರ ನೆತ್ತಿಯ ಮೇಲಿನ ತಿರುಗಣೆಯಲ್ಲಿ ಹಸಿರು ಬಣ್ಣದ ‘ಆಟೋ’ ಗುರುತೊಂದನ್ನು ಬಿಟ್ಟು ಉಳಿದ ಗುರುತುಗಳ ಗೊಡವೆಗೆ ನಾವು ಹೋದವರಲ್ಲ. ಕಳೆದ ಮಾಘ ಮಾಸದಲ್ಲಿ ಸಂಡೂರು ತಾಲೂಕಿನ ಬಂಡ್ರಿಗೆ ಹೋದಾಗ ಆ ಉದಾಸೀನವನ್ನು ಬಿಡಬೇಕಾದ ಪ್ರಸಂಗ ಒದಗಿತು.

ಬಂಡ್ರಿಯಲ್ಲಿ ಮಠದ ಪಾಠಶಾಲೆಯ ನಮ್ಮ ಸಹಪಾಠಿಯೊಬ್ಬರಿದ್ದಾರೆ. ಅವರ ಹಿತ್ತಲಿನಲ್ಲಿ ನಿಲ್ಲಿಸಿರುವ ಕಪ್ಪು ಕಲ್ಲೊಂದರ ಮೇಲೆ ಸವೆದ ಅಕ್ಷರಗಳಿವೆ. ತಮ್ಮ ಮನೆತನದ ಹಿರಿಯರ ಹೆಸರು ಅದರಲ್ಲಿದೆಯೆಂದು ಅವರ ತಂದೆಯವರು ಹೇಳುತ್ತಿದ್ದರಂತೆ. “ಶಿವರಾತ್ರಿಗೆ ಮನೆಗೆ ಬಣ್ಣ ಹಚ್ಚುವಾಗ ಕಲ್ಲಿಗೂ ಹಚ್ಚಬೇಕೆಂದು ಮೊಮ್ಮಗ ಎಣ್ಣೆಬಣ್ಣ ತಂದಿಟ್ಟಿದ್ದಾನೆ. ಅದಕ್ಕೆ ಮೊದಲು ತಾವು ಬಂದು ಓದಿಕೊಡಬೇಕು, ಶಾಸ್ತ್ರಿಗಳೇ. ನನ್ನ ಕಣ್ಣು ಈಗ ಸಾಲದು” ಎಂದು ಅವರು ದೂರವಾಣಿಯಲ್ಲಿ ಕೇಳಿಕೊಂಡಿದ್ದರು.

ಹೊಸಪೇಟೆಯಲ್ಲಿ ಇಳಿದು ಮೊದಲ ದಿನವನ್ನು ಹಂಪಿಗೆ ಮೀಸಲಿಟ್ಟೆವು. ವಿಠ್ಠಲ ದೇವಾಲಯದ ಕಲ್ಲಿನ ರಥದ ಮುಂದೆ ಜನರು ಸರದಿಯಲ್ಲಿ ನಿಂತು ಚಿತ್ರ ತೆಗೆಸಿಕೊಳ್ಳುತ್ತಿದ್ದರು. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿಯು ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳ ಮೇಲೆ ಹಂಪಿಯ ಕಟ್ಟಡಗಳನ್ನು ಸೆರೆಹಿಡಿದನು. ಅವನ ಚಿತ್ರದಲ್ಲಿ ಈ ರಥದ ಮೇಲೆ ಇಟ್ಟಿಗೆಯ ಶಿಖರವಿದೆ. ಇಂದು ಆ ಶಿಖರವಿಲ್ಲ. ಅದು ಇದ್ದಿತೆಂಬುದಕ್ಕೆ ಚಿತ್ರವೇ ಸಾಕ್ಷಿ. 1983ರಲ್ಲಿ ಆಸ್ಟ್ರೇಲಿಯದ ಜಾನ್ ಗಾಲಿಂಗ್ಸ್ ಅವರು ಗ್ರೀನ್‌ಲಾ ನಿಂತಿದ್ದ ಸ್ಥಳಗಳಲ್ಲಿಯೇ ನಿಂತು ಮತ್ತೊಮ್ಮೆ ಚಿತ್ರಗಳನ್ನು ತೆಗೆದರು. ಕಾಲವು ಏನನ್ನು ಉಳಿಸಿದೆ, ಏನನ್ನು ಒಯ್ದಿದೆ ಎಂಬುದನ್ನು ಈ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದವರು ಅರಿಯುತ್ತಾರೆ.

ಮರುದಿನ ಸಂಡೂರಿನ ದಾರಿ ಹಿಡಿದೆವು. ಕಬ್ಬಿಣ ಮತ್ತು ಮ್ಯಾಂಗನೀಸ್ ಅದಿರನ್ನು ಒಡಲಲ್ಲಿಟ್ಟುಕೊಂಡ ಬೆಟ್ಟಸಾಲುಗಳು, ಅವುಗಳನ್ನು ಸೀಳಿಕೊಂಡು ಹರಿಯುವ ನಾರಿಹಳ್ಳ, ಅದು ಕೊರೆದ ಓಬಳಗಂಡಿ ಮತ್ತು ಭೀಮಗಂಡಿಗಳು ಈ ನಾಡಿನ ಸೊಬಗು. ರಸ್ತೆಯ ಬದಿಯ ಎಲೆಗಳ ಮೇಲೆ ಕೆಂಪು ಧೂಳು ಕುಳಿತಿತ್ತು. ಬಂಡ್ರಿಯನ್ನು ಮುಟ್ಟುವಾಗ ಮಧ್ಯಾಹ್ನ. ರೊಟ್ಟಿ, ಹೆಸರುಕಾಳಿನ ಪಲ್ಯದ ಪ್ರಸಾದ ಮುಗಿಸಿ ಕಲ್ಲಿನ ಮುಂದೆ ನಿಂತೆವು.

ಹಸಿರು ಗುರುತಿನಲ್ಲಿಯೇ ಮೊದಲ ಚಿತ್ರ ತೆಗೆದೆವು. ಮರದ ನೆರಳಿನಲ್ಲಿದ್ದ ಕಲ್ಲಿಗೆ ಬೆಳಕು ಸಾಲದೆಂದು ಯಂತ್ರವು ತಾನಾಗಿ ಫ್ಲ್ಯಾಶ್ ಹೊಡೆಯಿತು. ಎದುರಿನಿಂದ ಬಿದ್ದ ಬೆಳಕಿಗೆ ಅಕ್ಷರಗಳ ತಗ್ಗುಗಳೆಲ್ಲ ತುಂಬಿ, ಕಲ್ಲು ಬರಿಯ ಹಲಗೆಯಂತೆ ಕಂಡಿತು. ಫ್ಲ್ಯಾಶ್ ನಿಲ್ಲಿಸಿ ತೆಗೆದರೆ ಕಪ್ಪು ಕಲ್ಲು ಬೂದಿಯ ಬಣ್ಣಕ್ಕೆ ತಿರುಗಿತು.

ಆಗ ಬೇವಿನ ಮರದ ಕೆಳಗೆ ಕುಳಿತು, ಮೂರು ವರ್ಷ ಬಿಚ್ಚದಿದ್ದ ಕೈಪಿಡಿಯನ್ನು ಬಿಚ್ಚಿದೆವು. ಕ್ಯಾಮೆರಾ ತಾನು ಕಂಡದ್ದನ್ನೆಲ್ಲ ನಡುವಣ ಬೂದುಬಣ್ಣಕ್ಕೆ ಎಳೆಯುವ ಸ್ವಭಾವದ್ದು. ಆದುದರಿಂದ ಕಪ್ಪು ವಸ್ತುವನ್ನು ತೆಗೆಯುವಾಗ ಕೂಡು-ಕಳೆ ಚಿಹ್ನೆಯ ಗುಂಡಿಯಿಂದ ಬೆಳಕನ್ನು ತಗ್ಗಿಸಬೇಕು, ಸುಣ್ಣದ ಗೋಡೆಯಾದರೆ ಹೆಚ್ಚಿಸಬೇಕು. ಹೂವಿನ ಗುರುತು ಹತ್ತಿರದ ಸಣ್ಣ ವಸ್ತುಗಳಿಗೆ. ‘ಎಂ’ ಎಂಬಲ್ಲಿ ಎಲ್ಲವೂ ನಮ್ಮ ವಿವೇಕಕ್ಕೆ ಬಿಟ್ಟದ್ದು. ಓದುತ್ತಿರುವಾಗ ನಮ್ಮ ಗುರುಗಳ ನೆನಪಾಯಿತು. ಓಲೆಗರಿಯ ಗೀರುಗಳಿಗೆ ದೀಪದ ಮಸಿ ಸವರಿ, ಅದಕ್ಕೂ ಕಾಣದಿದ್ದರೆ ಗರಿಯನ್ನು ದೀಪಕ್ಕೆ ಓರೆಯಾಗಿ ಹಿಡಿದು ಅವರು ಓದಿಸುತ್ತಿದ್ದರು. ನಮಗೆ ಬೇಕಾದದ್ದು ಅದೇ ಓರೆಯ ಬೆಳಕು.

ಕತ್ತಲಾದ ಮೇಲೆ ಪುನಃ ಪ್ರಯತ್ನಿಸಿದೆವು. ಇಟ್ಟಿಗೆಗಳನ್ನು ಒಟ್ಟಿ ಕ್ಯಾಮೆರಾವನ್ನು ಕದಲದಂತೆ ಇಟ್ಟೆವು. ಐ.ಎಸ್.ಓ. 100, ಬೆಳಕು ಒಳಬರುವ ಅವಧಿ ನಾಲ್ಕು ಸೆಕೆಂಡು. ಗುಂಡಿ ಒತ್ತುವ ಕೈಯ ಅದುರು ತಾಗದಿರಲೆಂದು ಎರಡು ಸೆಕೆಂಡು ತಡೆದು ತೆಗೆಯುವ ಟೈಮರ್. ಮೊಮ್ಮಗನು ಕಲ್ಲಿನ ಮಗ್ಗುಲಿನಿಂದ ಬ್ಯಾಟರಿ ದೀಪವನ್ನು ಓರೆಯಾಗಿ ಹಿಡಿದನು. ಎಡದಿಂದ ಬೆಳಕು ಬಿದ್ದಾಗ ನಿಂತ ಗೆರೆಗಳು ಮೂಡಿದವು, ಅಡ್ಡ ಗೆರೆಗಳು ಮಾಯವಾದವು. ಬೆಳಕಿನ ದಿಕ್ಕಿನಲ್ಲಿಯೇ ಸಾಗುವ ಗೀರಿಗೆ ನೆರಳಿಲ್ಲವಷ್ಟೆ. ಮೇಲಿನಿಂದ ಹಿಡಿದಾಗ ಅಡ್ಡ ಗೆರೆಗಳು ಎದ್ದುಬಂದವು. ನಾಲ್ಕು ದಿಕ್ಕಿನ ನಾಲ್ಕು ಚಿತ್ರಗಳನ್ನು ಕೂಡಿಸಿ ನೋಡಿದಾಗಲೇ ಕೊನೆಯ ಸಾಲಿನ ‘ಮಂಗಳ ಮಹಾಶ್ರೀ’ ಸ್ಪಷ್ಟವಾಯಿತು. ಒಂದೇ ದಿಕ್ಕಿನ ಬೆಳಕಿನಲ್ಲಿ ಓದಿದವನು ಅರ್ಧವನ್ನೇ ಓದಿದವನು.

ಪರದೆಯ ಮೇಲೆ ಅಕ್ಷರಗಳನ್ನು ಹಿಗ್ಗಿಸಿ ತೋರಿಸಿದೆವು. ಮಿತ್ರರು ಒಂದೊಂದರ ಮೇಲೂ ಬೆರಳಿಟ್ಟು ತಾವೇ ಓದಿದರು. ಆದರೆ ಹಿರಿಯರ ಹೆಸರಿದೆಯೆಂದು ಅವರು ನಂಬಿದ್ದ ನಡುವಿನ ಸಾಲಿನಲ್ಲಿ ಕಲ್ಲಿನ ಪದರವೇ ಉದುರಿಹೋಗಿತ್ತು. ಅಲ್ಲಿ ಯಾವ ಬೆಳಕಿಗೂ ಅಕ್ಷರ ಮೂಡಲಿಲ್ಲ. ಊಹಿಸಿ ಒಂದು ಹೆಸರು ಹೇಳುವುದು ನಮಗೆ ಕಷ್ಟವಿರಲಿಲ್ಲ. ಹೇಳಲು ಮನಸ್ಸು ಒಪ್ಪಲಿಲ್ಲ. “ಇಲ್ಲಿ ಓದಲು ಏನೂ ಉಳಿದಿಲ್ಲ” ಎಂದೆವು. ಮಿತ್ರರು ಬಹಳ ಹೊತ್ತು ಸುಮ್ಮನಿದ್ದು, “ನಮ್ಮ ತಂದೆಯವರು ಓದುವಾಗ ಇದ್ದಿರಬಹುದು. ಆಗಲೇ ಯಾರಾದರೂ ಚಿತ್ರ ತೆಗೆದಿಟ್ಟಿದ್ದರೆ…” ಎಂದರು. ಮಾತು ಅಲ್ಲಿಗೇ ನಿಂತಿತು.

ಮೊಮ್ಮಗನು ದೀಪವನ್ನು ಆರಿಸಿ, “ತಾತಾ, ಆ ಬಣ್ಣ ಗೇಟಿಗೆ ಆಗುತ್ತದೆ ಬಿಡಿ” ಎಂದನು.

ನಮ್ಮ ಅನೇಕ ಮನೆಗಳಲ್ಲಿ, ಹೊಲದ ಬದುವಿನಲ್ಲಿ, ಗುಡಿಯ ಅಂಗಳದಲ್ಲಿ ಇಂತಹ ಕಲ್ಲುಗಳಿವೆ. ಭಕ್ತಿಯಿಂದಲೇ ಆದರೂ ಅವುಗಳಿಗೆ ಬಣ್ಣ, ಸುಣ್ಣ, ಎಣ್ಣೆ ಹಚ್ಚಬಾರದು. ಅಕ್ಷರ ಕಾಣಲೆಂದು ಸೀಮೆಸುಣ್ಣ ತಿಕ್ಕಬಾರದು. ಪಕ್ಕದಲ್ಲಿ ಒಂದು ಅಳತೆಪಟ್ಟಿಯನ್ನು ಇಟ್ಟು, ನಾಲ್ಕು ದಿಕ್ಕಿನ ಓರೆ ಬೆಳಕಿನಲ್ಲಿ ಚಿತ್ರ ತೆಗೆದು, ಊರು ಮತ್ತು ದಿನಾಂಕಗಳನ್ನು ಬರೆದಿಡಬೇಕು. ಕ್ಯಾಮೆರಾ ಇಂದು ಮನೆಮನೆಯಲ್ಲಿದೆ. ಅದರ ತಿರುಗಣೆಯನ್ನು ಹಸಿರು ಗುರುತಿನಿಂದ ಆಚೆಗೆ ಒಮ್ಮೆ ತಿರುಗಿಸಿ ನೋಡುವ ಮನಸ್ಸು ಬೇಕು. ಅರವತ್ತು ದಾಟಿದ ನಮಗೆ ಅದನ್ನು ಕಲಿಯಲು ಒಂದು ಮಧ್ಯಾಹ್ನ ಸಾಕಾಯಿತು.