ಮೂಕಿ ಏಳದ ಗಾಡಿ

ಎತ್ತಿನ ಗಾಡಿಗೆ ಮೂಟೆ ಹೇರುವಾಗ ಹಿಂದುಗಡೆ ಭಾರ ಹೆಚ್ಚಾದರೆ ಮೂಕಿ ಮೇಲೇಳುತ್ತದೆ. ನೊಗ ಎತ್ತುಗಳ ಕೊರಳನ್ನು ಮೇಲಕ್ಕೆ ಜಗ್ಗುತ್ತದೆ. ಅನುಭವಸ್ಥನಾದ ಗಾಡಿಯವನು ಆಗ ಚಾವಟಿ ಎತ್ತುವುದಿಲ್ಲ. ಒಂದು ಮೂಟೆಯನ್ನು ಮುಂದಕ್ಕೆ ಸರಿಸುತ್ತಾನೆ. ಎತ್ತಿನ ಬದಲು ಎಂಜಿನ್ ಹೂಡಿದ ಗಾಡಿಗೂ ಈ ನ್ಯಾಯ ತಪ್ಪಿದ್ದಲ್ಲ.

ಅಮೆರಿಕದ ಕ್ಯಾಲಿಫೋರ್ನಿಯದ ಆಗ್ನೇಯ ಮೂಲೆಯಲ್ಲಿ ನಲವತ್ತು ಮೈಲಿಗೂ ಹೆಚ್ಚು ಉದ್ದಕ್ಕೆ ಮರಳುದಿಬ್ಬಗಳು ಹಬ್ಬಿವೆ. ಗ್ಲಾಮಿಸ್ ಅಲ್ಲಿಯ ಒಂದು ಪುಟ್ಟ ನೆಲೆ. ಬೇಸಗೆಯಲ್ಲಿ ಕಾದ ಕಾವಲಿಯಂತಿರುವ ಆ ನೆಲ ಚಳಿಗಾಲ ಬಂದಿತೆಂದರೆ ಜಾತ್ರೆಯ ಬಯಲಾಗುತ್ತದೆ. ಜನ ಸಂಸಾರಸಮೇತ ಬಂದು ಬೀಡುಬಿಡುತ್ತಾರೆ. ಅವರು ತರುವ ವಾಹನಗಳಲ್ಲಿ ಕ್ವಾಡ್ ಬೈಕ್ ಒಂದು. ಮೋಟಾರ್ ಸೈಕಲ್ಲಿನಂತೆ ಕಾಲು ಇಳಿಬಿಟ್ಟು ಕುಳಿತು, ಹ್ಯಾಂಡಲ್ ಹಿಡಿದು ನಡೆಸುವ ನಾಲ್ಕು ಚಕ್ರದ ಗಾಡಿಯದು. ಅಂಥ ಎರಡು ಗಾಡಿಗಳು ಪಕ್ಕಪಕ್ಕದಲ್ಲಿ ನಿಂತು, ಮರಳಿನ ಮೇಲೆ ಮುನ್ನೂರು ಅಡಿ ನೇರವಾಗಿ ಓಡಿ, ಮೊದಲು ಮುಟ್ಟಿದವನೇ ಗೆದ್ದವನು ಎಂಬುದು ಅಲ್ಲಿಯ ಡ್ರ್ಯಾಗ್ ರೇಸ್. ನಾಲ್ಕೈದು ಸೆಕೆಂಡುಗಳಲ್ಲಿ ಎಲ್ಲವೂ ಮುಗಿದುಹೋಗುತ್ತದೆ.

ಆ ನಾಲ್ಕೈದು ಸೆಕೆಂಡುಗಳಿಗಾಗಿ ಗೃಹಸ್ಥನೊಬ್ಬ ಒಂದು ಇಡೀ ವರ್ಷದ ರಾತ್ರಿಗಳನ್ನು ತೆತ್ತಿದ್ದ. ಅವನದು ಯಮಾಹಾ ಕಂಪನಿಯ ಬ್ಯಾನ್‌ಶೀ. 1987ರಿಂದ 2006ರವರೆಗೆ ಅಮೆರಿಕದಲ್ಲಿ ಮಾರಾಟವಾದ, ಎರಡು ಸಿಲಿಂಡರುಗಳ, 347 ಸಿಸಿ ಗಾತ್ರದ ಟೂ-ಸ್ಟ್ರೋಕ್ ಯಂತ್ರ. 1980ರ ದಶಕದಲ್ಲಿ ಭಾರತದ ರಸ್ತೆಗಳಲ್ಲಿ ಗುಡುಗಿದ ರಾಜದೂತ್ 350ಕ್ಕೆ ಅದು ದಾಯಾದಿ. ಭಾನುವಾರಗಳಂದು ಮಗನನ್ನು ಬೇರೊಂದು ಪುಟ್ಟ ಕ್ವಾಡಿನ ಮೇಲೆ ಕೂರಿಸಿ, ತಾನು ಇದನ್ನೇರಿ, ತಂದೆ ಮಕ್ಕಳು ದಿಬ್ಬ ಸುತ್ತುತ್ತಿದ್ದರು.

ಹೊಸಬರೆಲ್ಲರಂತೆ ಅವನೂ ಮೊದಲು ಎಂಜಿನ್ನಿಗೇ ಹಣ ಸುರಿದ. ಹೊಟ್ಟೆಯುಬ್ಬಿದ ಹೊಗೆಕೊಳವೆಗಳು ಬಂದವು, ದೊಡ್ಡ ಕಾರ್ಬ್ಯುರೇಟರುಗಳು ಬಂದವು. ಕ್ಲಚ್ ಬಿಟ್ಟೊಡನೆ ಗಾಡಿ ಮುಂದಕ್ಕೆ ಓಡುವ ಬದಲು, ಹೆದರಿದ ಕುದುರೆಯಂತೆ ಮುಂಗಾಲೆತ್ತಿ ನಿಂತಿತು. ಅಂಗಾತ ಬೀಳದೆ ಉಳಿದುದೇ ಪುಣ್ಯ.

ಆಗ ಅವನಿಗೆ ಗಾಡಿಯವನ ಬುದ್ಧಿ ಬಂದಿತು. ಭಾರದ ನಡುನೆಲೆ ಎತ್ತರದಲ್ಲಿದ್ದಷ್ಟೂ, ಹಿಂದಿನ ಅಚ್ಚಿಗೆ ಸಮೀಪವಾದಷ್ಟೂ ಮುಂದಿನ ಚಕ್ರಗಳು ಬೇಗ ಏಳುತ್ತವೆ. ಹಿಂದಿನ ಅಚ್ಚನ್ನು ಚೌಕಟ್ಟಿಗೆ ಕೂಡಿಸುವ ಲೋಹದ ತೋಳಿಗೆ ಸ್ವಿಂಗ್ ಆರ್ಮ್ ಎಂದು ಹೆಸರು. ಹಳೆಯ ತೋಳನ್ನು ಬಿಚ್ಚಿ, ಅದಕ್ಕಿಂತ ಆರು ಅಂಗುಲ ಉದ್ದದ ತೋಳನ್ನು ತೊಡಿಸಿದ. ಮುಂದಿನ ಸ್ಪ್ರಿಂಗುಗಳನ್ನು ತಗ್ಗಿಸಿದ. ಮರಳನ್ನು ದೋಣಿಯ ಹುಟ್ಟಿನಂತೆ ತಳ್ಳುವ ಅಡ್ಡಪಟ್ಟಿಗಳ ಟೈರುಗಳನ್ನು ಹಿಂದಕ್ಕೆ ಹಾಕಿದ. ಕೊನೆಯ ಗೆರೆ ಮುಟ್ಟುವ ಹೊತ್ತಿಗೆ ಎಂಜಿನ್ನಿನ ಪೂರ್ಣಶಕ್ತಿ ಒದಗುವಂತೆ ಚೈನಿನ ಹಲ್ಲುಚಕ್ರಗಳನ್ನು ಬದಲಿಸಿ ಬದಲಿಸಿ ನೋಡಿದ. ಸವಾರ ಬಿದ್ದರೆ ಎಂಜಿನ್ ತಾನಾಗಿ ನಿಲ್ಲಲೆಂದು, ಸ್ವಿಚ್ಚಿನಿಂದ ಮಣಿಕಟ್ಟಿಗೆ ಒಂದು ದಾರ ಕಟ್ಟಿದ.

ಗಾಡಿ ಈಗ ಬಾಣದಂತೆ ಹೋಗುತ್ತಿತ್ತು. ಆದರೆ ತಿರುಗಲೊಲ್ಲದು, ದಿಬ್ಬದ ನೆತ್ತಿಯಲ್ಲಿ ಹೊಟ್ಟೆ ತಾಗಿ ಕೂರುವುದು.

“ಇನ್ನು ಇದು ನನ್ನ ಜೊತೆ ದಿಬ್ಬಕ್ಕೆ ಬರುವುದಿಲ್ಲವೇನಪ್ಪಾ?” ಎಂದು ಮಗ ಕೇಳಿದ. ತಂದೆ ಉತ್ತರ ಕೊಡಲಿಲ್ಲ. ಹಳೆಯ ತೋಳನ್ನು ಮಾತ್ರ ಮಾರದೆ, ಒರೆಸಿ ಗೋಡೆಗೆ ತೂಗುಹಾಕಿದ.

ಪಂದ್ಯದ ದಿನ ಮಧ್ಯಾಹ್ನ ಬಿಸಿಲು ಏರಿದಾಗ ಗಾಳಿ ತೆಳುವಾಯಿತು. ಪೆಟ್ರೋಲು ಹೆಚ್ಚಾಗಬಾರದೆಂದು ಕಾರ್ಬ್ಯುರೇಟರಿನ ಹಿತ್ತಾಳೆಯ ಜೆಟ್‌ಗಳನ್ನು ತೆಗೆದು, ಸಣ್ಣ ರಂಧ್ರದವನ್ನು ಹಾಕಿದ. ಮೂರು ಓಟಗಳನ್ನು ಗೆದ್ದ. ಕೊನೆಯ ಓಟದ ಹೊತ್ತಿಗೆ ಸೂರ್ಯ ಮುಳುಗಿದ್ದ. ಮರುಭೂಮಿಯ ಚಳಿ ಥಟ್ಟನೆ ಇಳಿದಿತ್ತು. ತಣ್ಣನೆಯ ದಟ್ಟ ಗಾಳಿಗೆ ಹೆಚ್ಚು ಪೆಟ್ರೋಲು ಬೇಕು. ಈ ಯಂತ್ರಕ್ಕೆ ಎಣ್ಣೆಯೂ ಪೆಟ್ರೋಲಿನಲ್ಲೇ ಬೆರೆತು ಬರುವುದು. ಅದು ಸಾಲದಾದರೆ ಪಿಸ್ಟನ್ ಕರಗೀತು, ಓಟದ ಭರದಲ್ಲೇ ಎಂಜಿನ್ ಕಚ್ಚಿಕೊಂಡೀತು. ಪರೀಕ್ಷೆಗೆಂದು ಒಮ್ಮೆ ಓಡಿಸಿ ಬಂದಾಗ ಎಂಜಿನ್ನಿನ ದನಿ ಎಂದಿಗಿಂತ ಕೀರಲಾಗಿ ಕೇಳಿಸಿತು.

ದೊಡ್ಡ ಪಂದ್ಯಗಳಲ್ಲಿ 1963ರಿಂದ ಬಣ್ಣದ ದೀಪಗಳ ಕಂಬ ಓಟಕ್ಕೆ ಅಪ್ಪಣೆ ಕೊಡುತ್ತ ಬಂದಿದೆ. ಇಲ್ಲಿ ಒಬ್ಬಾತ ಕೈದೀಪ ಹಿಡಿದು ನಿಂತಿದ್ದ. ಎದುರಾಳಿ ಸಿದ್ಧನಾಗಿದ್ದ. ಜನ ಕೂಗುತ್ತಿದ್ದರು. ಜೆಟ್ ಬದಲಿಸಲು ಕಾಲು ಗಂಟೆ ಬೇಕು, ಕಾಯುವವರಾರು? ನಾಲ್ಕೇ ಸೆಕೆಂಡುಗಳ ಓಟ, ಹೇಗೋ ತಡೆದೀತು ಎಂದು ಮನಸ್ಸು ಹೇಳಿತು. ಗೆರೆಯಾಚೆ ಕಂಬಳಿ ಹೊದ್ದು ನಿಂತ ಮಗ ಕಣ್ಣಿಗೆ ಬಿದ್ದ.

ಅವನು ಕೈಯೆತ್ತಿ, ಎಂಜಿನ್ ನಿಲ್ಲಿಸಿ, ಗಾಡಿಯನ್ನು ಹಿಂದಕ್ಕೆ ತಳ್ಳಿಕೊಂಡು ಬಂದ. ಎದುರಾಳಿ ಒಬ್ಬನೇ ಓಡಿ ಗೆದ್ದ.

“ಸೋತುಬಿಟ್ಟೆವೇನಪ್ಪಾ?”

ತಂದೆ ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚಿ ಲಾಟೀನಿನ ಬೆಳಕಿಗೆ ಹಿಡಿದ. ಹದವಾಗಿ ಉರಿದ ಎಂಜಿನ್ನಿನ ಪ್ಲಗ್ಗು ಹಾಲು ಬೆರೆಸಿದ ಕಾಫಿಯ ಬಣ್ಣಕ್ಕಿರುತ್ತದೆಂದು ಹುಡುಗನಿಗೆ ಅವನೇ ಕಲಿಸಿದ್ದ. ಇದು ಸುಣ್ಣದಂತೆ ಬಿಳಿಚಿತ್ತು.

ಹುಡುಗ ಅದನ್ನೇ ಬಹಳ ಹೊತ್ತು ನೋಡಿದ. ಆಮೇಲೆ ಯಾರೂ ಹೇಳದೆಯೇ ಜೆಟ್‌ಗಳ ಡಬ್ಬಿಯನ್ನು ತಂದು, ದೊಡ್ಡ ರಂಧ್ರದವನ್ನು ಆರಿಸಿ ತಂದೆಯ ಅಂಗೈಯಲ್ಲಿಟ್ಟ.